ಸೆಕ್ಯೂರ್ ಬೂಟ್ ಆಫ್ ಮಾಡದೆ ಲ್ಯಾಪ್‌ಟಾಪಿನ ಹಿಡಿತ ನಮ್ಮ ಕೈಯಲ್ಲೇ ಇಟ್ಟುಕೊಳ್ಳುವುದು ಹೇಗೆ?

ಹೊಂಗೆನೆರಳು (ಪ್ರಶ್ನೆ)

ಸೆಕ್ಯೂರ್ ಬೂಟ್ ಅಂದರೆ ಯಂತ್ರ ಏಳುವಾಗ ನಂಬಿಕೆಯ ಸಹಿ ಇರುವ ತಂತ್ರಾಂಶವನ್ನಷ್ಟೇ ಓಡಲು ಬಿಡುವ ಕಾವಲು. ಯಂತ್ರದ ವಿವರ: ಇಂಟೆಲ್ ಲ್ಯಾಪ್‌ಟಾಪ್, ಜೊತೆಗೆ ಎನ್‌ವಿಡಿಯಾ ಗ್ರಾಫಿಕ್ಸ್. ವಿಂಡೋಸ್ 11 ಮತ್ತು ಉಬುಂಟು 24.04 ಎರಡೂ ಇವೆ. ಡಿಸ್ಕಿಗೆ ವಿಂಡೋಸ್ ಕಡೆ ಬಿಟ್‌ಲಾಕರ್ ಎನ್‌ಕ್ರಿಪ್ಶನ್, ಉಬುಂಟು ಕಡೆ ಲಕ್ಸ್ ಎನ್‌ಕ್ರಿಪ್ಶನ್. ಎನ್‌ವಿಡಿಯಾ ಜಾಲತಾಣದ ರನ್ ಫೈಲ್‌ನಿಂದ ಡ್ರೈವರ್ ಹಾಕಿದ್ದೇನೆ. ಅದರ ಮಾಡ್ಯೂಲ್ (ಓಎಸ್‌ನ ತಿರುಳಾದ ಕರ್ನಲ್‌ಗೆ ಸೇರುವ ಡ್ರೈವರ್ ತುಣುಕು) ಲೋಡ್ ಮಾಡಲು ಹೋದರೆ "ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್" ಅಂತ ಬರುತ್ತದೆ. ಒಂದು ಓಎಸ್ ಒಳಗೆ ಇನ್ನೊಂದನ್ನು ಓಡಿಸುವ ವರ್ಚುವಲ್‌ಬಾಕ್ಸ್‌ನದೂ ಇದೇ ಕಥೆ.

ಎಲ್ಲಿ ಕೇಳಿದರೂ "ಸೆಕ್ಯೂರ್ ಬೂಟ್ ಆಫ್ ಮಾಡಿ, ಮುಗೀತು" ಎನ್ನುವ ಉತ್ತರ. ಅದು ಬೇಡ. ಹಾಗಂತ ನನ್ನ ಯಂತ್ರದಲ್ಲಿ ಏನು ಓಡಬೇಕು ಅನ್ನುವುದನ್ನು ಮೈಕ್ರೋಸಾಫ್ಟ್ ಸಹಿಯೊಂದೇ ತೀರ್ಮಾನಿಸುವುದೂ ಬೇಡ. ಕೇಳಬೇಕಿರುವುದು ಮೂರು. ಸೆಕ್ಯೂರ್ ಬೂಟ್ ಆನ್ ಇಟ್ಟುಕೊಂಡೇ ಈ ಡ್ರೈವರ್‌ಗಳನ್ನು ಓಡಿಸಬಹುದೇ? ಫರ್ಮ್‌ವೇರ್‌ನಲ್ಲಿ (ಮದರ್‌ಬೋರ್ಡ್‌ನಲ್ಲಿ ಕೂತು ಯಂತ್ರವನ್ನು ಎಬ್ಬಿಸುವ ತಂತ್ರಾಂಶ) ನನ್ನದೇ ಕೀ ಹಾಕಿದರೆ ನಿಜವಾಗಿ ಏನು ಸಿಗುತ್ತದೆ? ಬಿಟ್‌ಲಾಕರ್ ಕೈಕೊಡದಂತೆ ಇದನ್ನೆಲ್ಲ ಯಾವ ಕ್ರಮದಲ್ಲಿ ಮಾಡಬೇಕು?

---

ತಂತಿಬೇಲಿ

ಮೊದಲ ಪ್ರಶ್ನೆಗೆ ಉತ್ತರ ಸುಲಭ: ಖಂಡಿತ ಓಡಿಸಬಹುದು. ಫರ್ಮ್‌ವೇರ್ ಕೀಗಳನ್ನು ಮುಟ್ಟುವ ಅಗತ್ಯವೇ ಇಲ್ಲ.

ಈಗ ಆಗುತ್ತಿರುವುದು ಇಷ್ಟು. ಫರ್ಮ್‌ವೇರ್‌ನಲ್ಲಿರುವ ಮೈಕ್ರೋಸಾಫ್ಟ್ ಸರ್ಟಿಫಿಕೇಟ್ 'ಶಿಮ್' ಎಂಬ ಪುಟ್ಟ ಲೋಡರನ್ನು ಒಪ್ಪುತ್ತದೆ. ಶಿಮ್ ಒಳಗೆ ಕೆನಾನಿಕಲ್‌ನ ಸರ್ಟಿಫಿಕೇಟ್ ಇದೆ, ಅದರಿಂದ ಗ್ರಬ್ (ಓಎಸ್ ಆರಿಸುವ ಬೂಟ್‌ಲೋಡರ್) ಮತ್ತು ಕರ್ನಲ್ ಪಾಸಾಗುತ್ತವೆ. ಸೆಕ್ಯೂರ್ ಬೂಟ್ ಆನ್ ಇದ್ದಾಗ ಕರ್ನಲ್ ಸಹಿಯಿಲ್ಲದ ಮಾಡ್ಯೂಲನ್ನು ತೆಗೆದುಕೊಳ್ಳುವುದಿಲ್ಲ. ನಿಮ್ಮ ಯಂತ್ರದಲ್ಲೇ ಕಂಪೈಲ್ ಆದ ಎನ್‌ವಿಡಿಯಾ ಮಾಡ್ಯೂಲ್‌ಗೆ ಕರ್ನಲ್ ಒಪ್ಪುವ ಸಹಿ ಇಲ್ಲ, ಅದಕ್ಕೇ ಹೊರಗೆ ನಿಂತಿದೆ.

ಎನ್‌ವಿಡಿಯಾ ಮಟ್ಟಿಗೆ: ರನ್ ಫೈಲ್‌ನಿಂದ ಹಾಕಿದ್ದನ್ನು ಅದರದೇ ಅನ್‌ಇನ್‌ಸ್ಟಾಲ್ ಆಯ್ಕೆಯಿಂದ ಪೂರ್ತಿ ತೆಗೆಯಿರಿ. ಆಮೇಲೆ 'ಉಬುಂಟು-ಡ್ರೈವರ್ಸ್ ಇನ್‌ಸ್ಟಾಲ್' ಓಡಿಸಿ. ಉಬುಂಟು ತನ್ನ ಸ್ಟಾಕ್ ಕರ್ನಲ್‌ಗಳಿಗೆ ಎನ್‌ವಿಡಿಯಾ ಮಾಡ್ಯೂಲ್‌ಗಳನ್ನು ಮೊದಲೇ ಸಹಿ ಮಾಡಿ ಕೊಡುತ್ತದೆ. ಆ ಪ್ಯಾಕೇಜ್ ಬಂದರೆ ನಿಮ್ಮ ಕೀಯ ಪ್ರಶ್ನೆಯೇ ಏಳುವುದಿಲ್ಲ. ರನ್ ಫೈಲ್ ಉಳಿಸಿಕೊಂಡರೆ ಪ್ರತಿ ಕರ್ನಲ್ ಅಪ್‌ಡೇಟ್‌ಗೂ ಮತ್ತೆ ಕಪ್ಪು ಪರದೆಯ ಭಾಗ್ಯ.

ವರ್ಚುವಲ್‌ಬಾಕ್ಸ್‌ಗೆ ಮಾತ್ರ ಮೋಕ್ ಬೇಕು, ಅಂದರೆ ಯಂತ್ರದ ಮಾಲೀಕನ ಕೀ. ಡಿಕೆಎಂಎಸ್ (ಕರ್ನಲ್ ಬದಲಾದಾಗ ಮಾಡ್ಯೂಲನ್ನು ಮತ್ತೆ ಕಂಪೈಲ್ ಮಾಡುವ ವ್ಯವಸ್ಥೆ) ಪ್ಯಾಕೇಜ್ ಹಾಕುವಾಗಲೇ ಉಬುಂಟು ಒಂದು ಕೀ ಜೋಡಿ ತಯಾರಿಸಿ 'ವಾರ್ ಲಿಬ್' ಅಡಿಯ 'ಶಿಮ್-ಸೈನ್ಡ್' ಫೋಲ್ಡರಿನ ಮೋಕ್ ಉಪಫೋಲ್ಡರಿನಲ್ಲಿ ಇಡುತ್ತದೆ, ನಿಮ್ಮಿಂದ ಒಂದು ತಾತ್ಕಾಲಿಕ ಪಾಸ್‌ವರ್ಡ್ ಕೇಳುತ್ತದೆ. ರೀಬೂಟ್ ಆದ ಕೂಡಲೇ ನೀಲಿ ಪರದೆ ಬರುತ್ತದೆ. ಅದು 10 ಸೆಕೆಂಡ್ ಮಾತ್ರ ಕಾಯುತ್ತದೆ. ಅಷ್ಟರೊಳಗೆ ಯಾವುದಾದರೂ ಕೀಲಿ ಒತ್ತಬೇಕು. 'ಎನ್‌ರೋಲ್ ಮೋಕ್', 'ಕಂಟಿನ್ಯೂ', 'ಯೆಸ್', ಪಾಸ್‌ವರ್ಡ್, ರೀಬೂಟ್. ಚಹಾಕ್ಕೆ ಎದ್ದು ಹೋದರೆ ಅವಕಾಶ ಹೋಯಿತು, ಮೋಕ್‌ಯುಟಿಲ್ ಎಂಬ ಕಮಾಂಡಿನಲ್ಲಿ ಮತ್ತೆ ಇಂಪೋರ್ಟ್ ಮಾಡಬೇಕು.

ಆ ನೀಲಿ ಪರದೆಗೆ ಗೊತ್ತಿರುವುದು ಅಮೆರಿಕನ್ ಇಂಗ್ಲಿಷ್ ಕೀಲಿಮಣೆ ಮಾತ್ರ. ಕೆಜಿಪಿ ಅಥವಾ ಇನ್‌ಸ್ಕ್ರಿಪ್ಟ್ ವಿನ್ಯಾಸ ಆನ್ ಇದ್ದಾಗ ಪಾಸ್‌ವರ್ಡ್ ಟೈಪ್ ಮಾಡಿಬಿಟ್ಟರೆ ಅಲ್ಲಿ ಹೊಂದುವುದಿಲ್ಲ. ಸಣ್ಣಕ್ಷರ, ಅಂಕಿ ಇಷ್ಟರಲ್ಲೇ 8 ಅಕ್ಷರ ಇಡಿ. ಒಂದೇ ಬಾರಿ ಬೇಕಾಗುವ ಪಾಸ್‌ವರ್ಡ್ ಅದು.

ಮುಗಿದ ಮೇಲೆ ಮೋಕ್‌ಯುಟಿಲ್‌ನ 'ಲಿಸ್ಟ್-ಎನ್‌ರೋಲ್ಡ್' ನೋಡಿ, ಕೀ ಬಂದಿರಬೇಕು. 'ಎಸ್‌ಬಿ-ಸ್ಟೇಟ್' ಕೇಳಿದರೆ ಸೆಕ್ಯೂರ್ ಬೂಟ್ ಎನೇಬಲ್ಡ್ ಎಂದೇ ಇರಬೇಕು.

ಒಂದು ಕೆಟ್ಟ ಸಲಹೆ ಎಲ್ಲೆಡೆ ಓಡಾಡುತ್ತಿದೆ: ಮೋಕ್‌ಯುಟಿಲ್‌ನಲ್ಲಿ 'ಡಿಸೇಬಲ್-ವ್ಯಾಲಿಡೇಶನ್'. ಹಾಗೆ ಮಾಡಿದರೆ ಫರ್ಮ್‌ವೇರ್ ಮಟ್ಟದಲ್ಲಿ ಸೆಕ್ಯೂರ್ ಬೂಟ್ ಆನ್ ಅಂತಲೇ ಕಾಣುತ್ತದೆ, ಆದರೆ ಶಿಮ್ ತನ್ನ ನಂತರದ ಯಾವುದನ್ನೂ ಪರೀಕ್ಷಿಸುವುದಿಲ್ಲ. ಬೂಟ್ ಆಗುವಾಗ "ಬೂಟಿಂಗ್ ಇನ್ ಇನ್‌ಸೆಕ್ಯೂರ್ ಮೋಡ್" ಎಂಬ ಸಾಲು ಬರುತ್ತಿದ್ದರೆ ಯಾರೋ ಇದನ್ನು ಮಾಡಿಟ್ಟಿದ್ದಾರೆ ಎಂದರ್ಥ. ಬಾಗಿಲು ತೆಗೆದಿಟ್ಟು ಬೀಗ ಮಾತ್ರ ಹಾಕಿದ ಹಾಗೆ.

---

ಮೂಲೆಮನೆ

ಎರಡನೇ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಅದರಲ್ಲಿ ಜನ ಸಾಮಾನ್ಯವಾಗಿ ತಪ್ಪು ತಿಳಿಯುವ ಒಂದು ಅಂಶವಿದೆ.

ಫರ್ಮ್‌ವೇರ್‌ನಲ್ಲಿ ನಾಲ್ಕು ಪೆಟ್ಟಿಗೆಗಳು: ಪಿಕೆ (ಪ್ಲಾಟ್‌ಫಾರ್ಮ್ ಕೀ), ಕೆಇಕೆ (ಕೀ ಎಕ್ಸ್‌ಚೇಂಜ್ ಕೀ), ಡಿಬಿ, ಡಿಬಿಎಕ್ಸ್. ಡಿಬಿ ಅಂದರೆ ಓಡಬಹುದಾದವರ ಪಟ್ಟಿ, ಡಿಬಿಎಕ್ಸ್ ಅಂದರೆ ನಿಷೇಧಿತರ ಪಟ್ಟಿ. ಈ ಎರಡನ್ನೂ ತಿದ್ದುವ ಅಧಿಕಾರ ಕೆಇಕೆ ಇರುವವರದು. ಕೆಇಕೆಯನ್ನು ಬದಲಿಸುವ ಅಧಿಕಾರ ಪಿಕೆ ಇರುವವರದು. ಅಂಗಡಿಯಿಂದ ಬರುವಾಗ ಪಿಕೆ ತಯಾರಕರದು, ಕೆಇಕೆ ಮುಖ್ಯವಾಗಿ ಮೈಕ್ರೋಸಾಫ್ಟ್‌ದು. ಹಾಗಾಗಿ "ಮಾಲೀಕ ಯಾರು" ಅನ್ನುವ ಪ್ರಶ್ನೆಗೆ ತಾಂತ್ರಿಕ ಉತ್ತರ ಪಿಕೆಯಲ್ಲಿದೆ.

ನಿಮ್ಮ ಪಿಕೆ ಹಾಕಿ, ಆದರೆ ಡಿಬಿಯಲ್ಲಿ ಮೈಕ್ರೋಸಾಫ್ಟ್‌ನ ಥರ್ಡ್ ಪಾರ್ಟಿ ಸರ್ಟಿಫಿಕೇಟ್ (ಶಿಮ್‌ನಂಥ ಬೇರೆಯವರ ತಂತ್ರಾಂಶಕ್ಕೆ ಸಹಿ ಹಾಕುವಂಥದ್ದು) ಹಾಗೇ ಬಿಟ್ಟರೆ, ದಾಳಿಯ ದೃಷ್ಟಿಯಿಂದ ಏನೂ ಬದಲಾಗಿಲ್ಲ. ಮೊದಲು ಓಡುತ್ತಿದ್ದ ಎಲ್ಲ ಶಿಮ್‌ಗಳೂ ಈಗಲೂ ಓಡುತ್ತವೆ. ಸಿಗುವ ಲಾಭ ಬೇರೆ: ನಿಮ್ಮದೇ ಕರ್ನಲ್‌ಗೆ ನೇರವಾಗಿ ಸಹಿ ಹಾಕಬಹುದು, ಶಿಮ್ ಮತ್ತು ಗ್ರಬ್ ಎರಡನ್ನೂ ಕೈಬಿಡಬಹುದು, ಬೇಡವಾದ ಸರ್ಟಿಫಿಕೇಟನ್ನು ಮುಂದೊಂದು ದಿನ ತೆಗೆಯಬಹುದು. ಇದು ಬೇಡ, ಬರೀ ವರ್ಚುವಲ್‌ಬಾಕ್ಸ್ ಓಡಿದರೆ ಸಾಕು ಅನ್ನುವವರು ತಂತಿಬೇಲಿಯವರು ಹೇಳಿದಲ್ಲಿಗೇ ನಿಲ್ಲಿಸಿ.

ಪಿಕೆ ಬದಲಿಸಲೇಬೇಕಾದ ಸಂದರ್ಭವೂ ಒಂದಿದೆ. 2024ರ ಜುಲೈನಲ್ಲಿ ಬೈನಾರ್ಲಿ ಸಂಸ್ಥೆ ಬಯಲಿಗೆ ತಂದ ಪಿಕೆಫೇಲ್ ಎಂಬ ದೋಷ: ಫರ್ಮ್‌ವೇರ್ ತಯಾರಿಸುವ ಎಎಂಐ ಕಂಪನಿ ತನ್ನ ಮಾದರಿ ಕೋಡ್ ಜೊತೆ ಕೊಟ್ಟಿದ್ದ ಪರೀಕ್ಷಾ ಪಿಕೆಯನ್ನೇ ಹಲವು ತಯಾರಕರು ನೂರಾರು ಮಾದರಿಗಳಲ್ಲಿ ಹಾಗೇ ಮಾರಿದ್ದರು. ಅದರ ಖಾಸಗಿ ಕೀ ಸೋರಿಹೋಗಿತ್ತು. ಸರ್ಟಿಫಿಕೇಟಿನ ಹೆಸರಲ್ಲೇ "ಡು ನಾಟ್ ಟ್ರಸ್ಟ್" ಎಂದು ಬರೆದಿತ್ತು! ಮೋಕ್‌ಯುಟಿಲ್‌ನ ಪಿಕೆ ಆಯ್ಕೆಯಿಂದ ನಿಮ್ಮದನ್ನು ಈಗಲೇ ನೋಡಿ. "ಡು ನಾಟ್ ಟ್ರಸ್ಟ್" ಅಥವಾ "ಡು ನಾಟ್ ಶಿಪ್" ಕಂಡರೆ ತಯಾರಕರ ಹೊಸ ಫರ್ಮ್‌ವೇರ್ ಹಾಕಿ, ಇಲ್ಲವಾದರೆ ನಿಮ್ಮ ಪಿಕೆ ಹಾಕಿ. ಮಾಲೀಕನಿಗೆ ಬದಲಿಸುವ ಹಕ್ಕು ಕೊಟ್ಟರೆ ಭದ್ರತೆ ಕುಸಿಯುತ್ತದೆ ಎನ್ನುವವರಿಗೆ ಇದನ್ನು ತೋರಿಸಿ. ಇಲ್ಲಿ ಫರ್ಮ್‌ವೇರ್ ಅಪ್‌ಡೇಟ್ ಬರದ ಹಳೆಯ ಯಂತ್ರಗಳನ್ನು ಉಳಿಸುವುದು ಆ ಹಕ್ಕೇ.

ಈಗ ಕ್ರಮ.

ಮೊದಲು ವಿಂಡೋಸ್‌ನಲ್ಲಿ 48 ಅಂಕಿಯ ಬಿಟ್‌ಲಾಕರ್ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಮೈಕ್ರೋಸಾಫ್ಟ್ ಖಾತೆಯಲ್ಲಿದೆ ಬಿಡಿ ಅನ್ನಬೇಡಿ, ಆ ಹೊತ್ತಿಗೆ ಖಾತೆ ತೆರೆಯಲು ಓಟಿಪಿ ಬರುವ ಫೋನೂ ಬೇಕಾಗುತ್ತದೆ. ಆಮೇಲೆ ಪವರ್‌ಶೆಲ್‌ನಲ್ಲಿ 'ಸಸ್ಪೆಂಡ್-ಬಿಟ್‌ಲಾಕರ್', ಸಿ ಡ್ರೈವ್, 'ರೀಬೂಟ್‌ಕೌಂಟ್' 0. ಈ ಸೊನ್ನೆ ಮುಖ್ಯ. ಸಂಖ್ಯೆ ಕೊಡದಿದ್ದರೆ ಒಂದೇ ರೀಬೂಟ್‌ಗೆ ಅದು ತಾನೇ ಮತ್ತೆ ಆನ್ ಆಗುತ್ತದೆ, ನೀವಿನ್ನೂ ಅರ್ಧ ದಾರಿಯಲ್ಲಿರುತ್ತೀರಿ. ಸೊನ್ನೆ ಕೊಟ್ಟರೆ ನೀವಾಗಿ 'ರೆಸ್ಯೂಮ್' ಹೇಳುವವರೆಗೂ ಸುಮ್ಮನಿರುತ್ತದೆ.

ಎರಡನೆಯದು ಬ್ಯಾಕಪ್. ಎಫಿಟೂಲ್ಸ್ ಪ್ಯಾಕೇಜಿನ 'ಎಫಿ-ರೀಡ್‌ವಾರ್' ಬಳಸಿ ನಾಲ್ಕೂ ಪೆಟ್ಟಿಗೆಗಳ ಪ್ರತಿಯನ್ನು ಪೆನ್‌ಡ್ರೈವ್‌ಗೆ ತೆಗೆದಿಡಿ. ಫರ್ಮ್‌ವೇರ್ ಮೆನುವಿನಲ್ಲಿ 'ರಿಸ್ಟೋರ್ ಫ್ಯಾಕ್ಟರಿ ಕೀಸ್' ಇದೆಯೋ ನೋಡಿ. ಆ ಆಯ್ಕೆಯೇ ಇಲ್ಲದ ಯಂತ್ರದಲ್ಲಿ ಇದಕ್ಕೆ ಕೈಹಾಕಬೇಡಿ.

ಮೂರನೆಯದು ಸೆಟಪ್ ಮೋಡ್, ಅಂದರೆ ಪಿಕೆ ಇಲ್ಲದೆ ಹೊಸ ಕೀ ಸ್ವೀಕರಿಸುವ ಸ್ಥಿತಿ. ಒಂದೊಂದು ತಯಾರಕರು ಒಂದೊಂದು ಹೆಸರಿಟ್ಟಿದ್ದಾರೆ: 'ರೀಸೆಟ್ ಟು ಸೆಟಪ್ ಮೋಡ್', 'ಕ್ಲಿಯರ್ ಸೆಕ್ಯೂರ್ ಬೂಟ್ ಕೀಸ್', 'ಡಿಲೀಟ್ ಆಲ್ ಕೀಸ್'. ಪಿಕೆಯೊಂದನ್ನೇ ಅಳಿಸುವ ಆಯ್ಕೆ ಇದ್ದರೆ ಅದನ್ನೇ ಆರಿಸಿ. ಎಲ್ಲವನ್ನೂ ಅಳಿಸಿದರೆ ಡಿಬಿಎಕ್ಸ್ ಕೂಡ ಖಾಲಿಯಾಗಿ, ನಿಷೇಧವಾಗಿದ್ದ ಹಳೆಯ ಲೋಡರ್‌ಗಳು ಮತ್ತೆ ಒಳಗೆ ಬರುತ್ತವೆ. ಆಗ ಡಿಬಿಎಕ್ಸನ್ನು ಎಫ್‌ಡಬ್ಲ್ಯುಯುಪಿಡಿ (ಲಿನಕ್ಸ್‌ನ ಫರ್ಮ್‌ವೇರ್ ಅಪ್‌ಡೇಟ್ ಉಪಕರಣ) ಮೂಲಕ ತುಂಬಿಸಬೇಕು.

ನಂತರ ಲಿನಕ್ಸ್‌ಗೆ ಬಂದು ಎಸ್‌ಬಿಸಿಟಿಎಲ್ (ಕೀ ತಯಾರಿಸಿ ಸಹಿ ಹಾಕುವ ಉಪಕರಣ) ಓಡಿಸಿ. 'ಸ್ಟೇಟಸ್' ಕೇಳಿದರೆ ಸೆಟಪ್ ಮೋಡ್ ಎನೇಬಲ್ಡ್ ಅನ್ನಬೇಕು. 'ಕ್ರಿಯೇಟ್-ಕೀಸ್', ಆಮೇಲೆ 'ಎನ್‌ರೋಲ್-ಕೀಸ್' ಜೊತೆಗೆ ಮೈಕ್ರೋಸಾಫ್ಟ್ ಆಯ್ಕೆ. "ಫೈಲ್ ಇಸ್ ಇಮ್ಯೂಟಬಲ್" ಎಂದು ತಕರಾರು ಮಾಡಿದರೆ ಎಫಿವಾರ್ಸ್ ಫೋಲ್ಡರಿನ ಪಿಕೆ, ಕೆಇಕೆ, ಡಿಬಿ ಫೈಲ್‌ಗಳ ಮೇಲಿನ ಇಮ್ಯೂಟಬಲ್ ಗುರುತನ್ನು 'ಸಿಎಚ್‌ಆಟರ್' ಬಳಸಿ ತೆಗೆಯಿರಿ. ನಂತರ ಬೂಟ್ ಫೈಲ್‌ಗಳಿಗೆ 'ಸೈನ್', ಸೇವ್ ಆಯ್ಕೆಯೊಂದಿಗೆ. ಸೇವ್ ಮರೆತರೆ ಮುಂದಿನ ಕರ್ನಲ್ ಅಪ್‌ಡೇಟ್‌ನಲ್ಲಿ ಸಹಿ ತಪ್ಪಿ ಯಂತ್ರ ಬೂಟ್ ಆಗುವುದಿಲ್ಲ. ಕೊನೆಗೆ 'ವೆರಿಫೈ'. ಎಲ್ಲ ಸರಿ ಇದ್ದರೆ ಫರ್ಮ್‌ವೇರ್‌ನಲ್ಲಿ ಸೆಕ್ಯೂರ್ ಬೂಟ್ ಆನ್, ಜೊತೆಗೆ ಸೂಪರ್‌ವೈಸರ್ ಪಾಸ್‌ವರ್ಡ್. ಆ ಪಾಸ್‌ವರ್ಡ್ ಇಲ್ಲದಿದ್ದರೆ ಇಷ್ಟೂ ಶ್ರಮ ವ್ಯರ್ಥ. ಕೈಗೆ ಸಿಕ್ಕವರು ಎರಡು ನಿಮಿಷದಲ್ಲಿ ಎಲ್ಲ ಅಳಿಸುತ್ತಾರೆ.

ಮೈಕ್ರೋಸಾಫ್ಟ್ ಆಯ್ಕೆಯನ್ನು ಸಿಟ್ಟಿನಲ್ಲಿ ಬಿಡಬೇಡಿ. ಕಾರಣ ಆಪ್ಶನ್ ರಾಮ್. ಬಹುತೇಕ ಬಿಡಿ ಗ್ರಾಫಿಕ್ಸ್ ಕಾರ್ಡ್‌ಗಳ ಒಳಗಿನ ಫರ್ಮ್‌ವೇರ್‌ಗೆ ಮೈಕ್ರೋಸಾಫ್ಟ್‌ನ ಅದೇ ಥರ್ಡ್ ಪಾರ್ಟಿ ಸಹಿ ಇರುತ್ತದೆ. ಆ ಸರ್ಟಿಫಿಕೇಟ್ ತೆಗೆದರೆ ಕಾರ್ಡ್ ಏಳುವುದಿಲ್ಲ, ಪರದೆ ಬರುವುದಿಲ್ಲ, ಪರದೆಯಿಲ್ಲದೆ ಫರ್ಮ್‌ವೇರ್ ಮೆನುಗೆ ಹೋಗಿ ಸರಿಪಡಿಸಲೂ ಆಗುವುದಿಲ್ಲ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಆಮೇಲೆ ಉಳಿಯುವ ದಾರಿ ಫ್ಲಾಶ್ ಚಿಪ್‌ಗೆ ಕ್ಲಿಪ್ ಹಾಕಿ ಬರೆಯುವುದು ಅಥವಾ ಮದರ್‌ಬೋರ್ಡ್ ಬದಲಿಸುವುದು.

---

ಒಣಹುಲ್ಲು

ಮೇಲಿನ ಎರಡೂ ಸರಿ. ಆದರೆ ಇದೆಲ್ಲ ಯಾರಿಂದ ರಕ್ಷಣೆ ಅನ್ನುವುದನ್ನು ಯಾರೂ ಹೇಳಿಲ್ಲ.

ಮೋಕ್ ಖಾಸಗಿ ಕೀ ಅದೇ ಡಿಸ್ಕ್‌ನಲ್ಲಿದೆ. ಎಸ್‌ಬಿಸಿಟಿಎಲ್ ಕೀಗಳೂ ಅಷ್ಟೆ. ನಿಮ್ಮ ಯಂತ್ರದಲ್ಲಿ ರೂಟ್ (ಪೂರ್ಣಾಧಿಕಾರದ ಬಳಕೆದಾರ) ಆದವನು ತನ್ನ ಮಾಡ್ಯೂಲ್‌ಗೆ ನಿಮ್ಮ ಕೀಯಿಂದಲೇ ಸಹಿ ಹಾಕಿಕೊಳ್ಳುತ್ತಾನೆ. ಹಾಗಾಗಿ ಓಡುತ್ತಿರುವ ಯಂತ್ರದೊಳಗೆ ನುಗ್ಗಿದವನ ವಿರುದ್ಧ ಇದು ಬಹಳ ದುರ್ಬಲ. ಉಬುಂಟು ತಯಾರಿಸುವ ಮೋಕ್ ಮಾಡ್ಯೂಲ್ ಸಹಿಗೆ ಮಾತ್ರ ಸೀಮಿತ, ಅದರಿಂದ ಬೂಟ್‌ಲೋಡರ್‌ಗೆ ಸಹಿ ಹಾಕಿದರೆ ಶಿಮ್ ಒಪ್ಪುವುದಿಲ್ಲ ಅನ್ನುವುದು ಸ್ವಲ್ಪ ಸಮಾಧಾನ. ನಿಜವಾದ ರಕ್ಷಣೆ ಸಿಗುವುದು ಯಂತ್ರ ಆಫ್ ಇದ್ದಾಗ ಮುಟ್ಟಿದವನಿಂದ.

ಅಲ್ಲೂ ಒಂದು ತೂತು. ಉಬುಂಟು ಸಾಮಾನ್ಯ ವ್ಯವಸ್ಥೆಯಲ್ಲಿ ಕರ್ನಲ್‌ಗೆ ಸಹಿ ಇದೆ, ಅದರ ಜೊತೆ ಮೊದಲು ಲೋಡ್ ಆಗುವ ತಾತ್ಕಾಲಿಕ ಫೈಲ್ ವ್ಯವಸ್ಥೆ ಇನಿಟ್‌ರಾಮ್‌ಎಫ್‌ಎಸ್‌ಗೆ ಇಲ್ಲ. ಅದು ನಿಮ್ಮ ಯಂತ್ರದಲ್ಲೇ ತಯಾರಾಗುವ ಫೈಲ್, ಎನ್‌ಕ್ರಿಪ್ಟ್ ಆಗದ ಬೂಟ್ ಪಾರ್ಟಿಶನ್‌ನಲ್ಲಿ ಕೂತಿದೆ. ಲಕ್ಸ್ ಪಾಸ್‌ಫ್ರೇಸ್ ಕೇಳುವುದು ಅದೇ. ಹೋಟೆಲ್ ಕೋಣೆಯಲ್ಲಿ ಲ್ಯಾಪ್‌ಟಾಪ್ ಸಿಕ್ಕವನು ಅದನ್ನು ಬದಲಿಸಿಟ್ಟರೆ ಸೆಕ್ಯೂರ್ ಬೂಟ್ ಚಕಾರ ಎತ್ತುವುದಿಲ್ಲ. ಕರ್ನಲ್, ಇನಿಟ್‌ರಾಮ್‌ಎಫ್‌ಎಸ್, ಕಮಾಂಡ್‌ಲೈನ್ ಮೂರನ್ನೂ ಒಂದೇ ಫೈಲ್ ಮಾಡಿ ಸಹಿ ಹಾಕುವ ಯುಕೆಐ ಇದಕ್ಕೆ ಪರಿಹಾರ. ಮೂಲೆಮನೆಯವರು ಹೇಳಿದ ಸ್ವಂತ ಪಿಕೆಗೆ ನನ್ನ ಪ್ರಕಾರ ಇರುವ ಗಟ್ಟಿ ಕಾರಣ ಇದೊಂದೇ.

ಟಿಪಿಎಂನಿಂದ (ಕೀಗಳನ್ನು ಕಾಪಿಡುವ ಭದ್ರತಾ ಚಿಪ್) ಲಕ್ಸ್ ತಾನಾಗಿ ತೆರೆಯುವಂತೆ ಮಾಡಿಕೊಳ್ಳುವವರು ಇದನ್ನು ಎರಡು ಸಲ ಓದಿ. ಪಿಸಿಆರ್ 7ಕ್ಕೆ (ಪಿಸಿಆರ್ ಅಂದರೆ ಬೂಟ್ ಅಳತೆಗಳನ್ನು ದಾಖಲಿಸುವ ಟಿಪಿಎಂನ ಖಾನೆ) ಮಾತ್ರ ಕಟ್ಟಿದರೆ, ಅದರಲ್ಲಿ ದಾಖಲಾಗುವುದು ಯಾವ ಸರ್ಟಿಫಿಕೇಟ್‌ಗಳು ಬಳಕೆಯಾದವು ಅನ್ನುವುದು, ಯಾವ ಫೈಲ್ ಓಡಿತು ಅನ್ನುವುದಲ್ಲ. ಅದೇ ಡಿಸ್ಟ್ರೋದ ಲೈವ್ ಪೆನ್‌ಡ್ರೈವ್‌ಗೂ ಅದೇ ಬೆಲೆ ಬರಬಹುದು, ಟಿಪಿಎಂ ಕೀಯನ್ನು ಸಲೀಸಾಗಿ ಕೊಟ್ಟುಬಿಡುತ್ತದೆ. 'ಸಿಸ್ಟಮ್‌ಡಿ-ಕ್ರಿಪ್ಟ್‌ಎನ್‌ರೋಲ್'ನಲ್ಲಿ ಪಿನ್ ಆಯ್ಕೆ ಸೇರಿಸಿ, ಮತ್ತು ಹಳೆಯ ಪಾಸ್‌ಫ್ರೇಸ್ ಸ್ಲಾಟ್ ಅಳಿಸಬೇಡಿ. ಡಿಬಿಎಕ್ಸ್ ಅಪ್‌ಡೇಟ್ ಆದ ದಿನ ಪಿಸಿಆರ್ 7 ಬದಲಾಗಿ ಟಿಪಿಎಂ ಕೈಯೆತ್ತುತ್ತದೆ.

ಇನ್ನು ಬೆಲೆ ಏನು ಅಂದರೆ: ಉಬುಂಟು, ಫೆಡೋರಾ, ಡೆಬಿಯನ್‌ಗಳಲ್ಲಿ ಸೆಕ್ಯೂರ್ ಬೂಟ್ ಆನ್ ಇದ್ದರೆ ಕರ್ನಲ್ ಲಾಕ್‌ಡೌನ್ (ರೂಟ್‌ಗೂ ಕರ್ನಲ್ ತಿದ್ದಲು ಬಿಡದ ನಿರ್ಬಂಧ) ಕೂಡ ಆನ್. ಹೈಬರ್ನೇಟ್ ಇಲ್ಲ. ಎಂಎಸ್‌ಆರ್ (ಸಿಪಿಯುವಿನ ಒಳ ರಿಜಿಸ್ಟರ್) ಬರೆಯಲಾಗದು, ಅಂದರೆ ಸಿಪಿಯು ವೋಲ್ಟೇಜ್ ತಗ್ಗಿಸುವ ಉಪಕರಣಗಳು ಓಡುವುದಿಲ್ಲ. ಸಹಿಯಿಲ್ಲದ ಕರ್ನಲ್‌ಗೆ ಕೆಎಕ್ಸೆಕ್ (ಪೂರ್ತಿ ರೀಬೂಟ್ ಇಲ್ಲದೆ ಇನ್ನೊಂದು ಕರ್ನಲ್‌ಗೆ ಹಾರುವುದು) ಇಲ್ಲ. ಮಾಲೀಕನಿಗೇ ಹಾಕಿದ ಈ ಬೇಡಿಗಳು ನನಗೂ ಒಗ್ಗುವುದಿಲ್ಲ. ಆದರೆ ರೂಟ್‌ಗೆ ಮೆಮೊರಿ ಬರೆಯಲು ಬಿಟ್ಟರೆ ಮಾಡ್ಯೂಲ್ ಸಹಿಗೆ ಅರ್ಥವೇ ಉಳಿಯುವುದಿಲ್ಲ, ಅದೂ ನಿಜ.

---

ಹೊಂಗೆನೆರಳು

ಧನ್ಯವಾದ. ಉಬುಂಟು-ಡ್ರೈವರ್ಸ್ ದಾರಿಯಲ್ಲಿ ಎನ್‌ವಿಡಿಯಾ ಬಂತು, ವರ್ಚುವಲ್‌ಬಾಕ್ಸ್ ಮೋಕ್‌ನಿಂದ ಬಂತು. ಸ್ವಂತ ಪಿಕೆ ಸದ್ಯಕ್ಕೆ ಬೇಡ ಅನಿಸುತ್ತಿದೆ. ಇನ್ನು ಎರಡು ಸಂಗತಿ. ಗ್ರಬ್ ಮೆನುವಿನಿಂದ ವಿಂಡೋಸ್ ಆರಿಸಿದರೆ ಬಿಟ್‌ಲಾಕರ್ ರಿಕವರಿ ಕೀ ಕೇಳುತ್ತದೆ, ಮೋಕ್ ಸೇರಿಸಿದ್ದಕ್ಕೇ? 2026ರಲ್ಲಿ ಮೈಕ್ರೋಸಾಫ್ಟ್ ಸರ್ಟಿಫಿಕೇಟ್‌ಗಳ ಅವಧಿ ಮುಗಿದರೆ ಯಂತ್ರ ಬೂಟ್ ಆಗುವುದಿಲ್ಲ ಅನ್ನುತ್ತಾರೆ, ಎಷ್ಟು ನಿಜ?

---

ಮೂಲೆಮನೆ

ಮೋಕ್ ಕಾರಣ ಅಲ್ಲ, ಶಿಮ್ ಅದನ್ನು ಅಳೆಯುವುದು ಪಿಸಿಆರ್ 14ರಲ್ಲಿ. ಬಿಟ್‌ಲಾಕರ್ ನೋಡುವುದು 7 ಮತ್ತು 11. ಗ್ರಬ್ ಮೂಲಕ ಹೋದಾಗ ಪಿಸಿಆರ್ 7ರಲ್ಲಿ ವಿಂಡೋಸ್ ಸರ್ಟಿಫಿಕೇಟ್ ಜೊತೆ ಶಿಮ್ ಹಾದುಬಂದ ಸರ್ಟಿಫಿಕೇಟ್ ಕೂಡ ದಾಖಲಾಗುತ್ತದೆ, ಲೆಕ್ಕ ತಪ್ಪುತ್ತದೆ. ವಿಂಡೋಸ್ ಬೇಕಾದಾಗ ಎಫ್12 ಅಥವಾ ನಿಮ್ಮ ಯಂತ್ರದ ಬೂಟ್ ಮೆನು ಕೀಲಿಯಿಂದ 'ವಿಂಡೋಸ್ ಬೂಟ್ ಮ್ಯಾನೇಜರ್' ನೇರ ಆರಿಸಿ, ಗ್ರಬ್ ಬೇಡ.

2026ರ ಬಗ್ಗೆ: 2011ರ ಕೆಇಕೆ ಮತ್ತು ಥರ್ಡ್ ಪಾರ್ಟಿ ಸರ್ಟಿಫಿಕೇಟ್‌ಗಳ ಅವಧಿ 2026ರ ಜೂನ್‌ವರೆಗೆ, ವಿಂಡೋಸ್ ಲೋಡರಿನದು ಅಕ್ಟೋಬರ್‌ವರೆಗೆ. ಫರ್ಮ್‌ವೇರ್‌ಗಳು ಬೂಟ್ ಹೊತ್ತಿನಲ್ಲಿ ಸಾಮಾನ್ಯವಾಗಿ ದಿನಾಂಕ ನೋಡುವುದಿಲ್ಲ, ಹಾಗಾಗಿ ಇಂದು ಬೂಟ್ ಆಗುವುದು ಅಂದೂ ಆಗುತ್ತದೆ. ತೊಂದರೆ ಹೊಸತಕ್ಕೆ: 2023ರ ಸರ್ಟಿಫಿಕೇಟಿನಿಂದ ಮಾತ್ರ ಸಹಿಯಾದ ಶಿಮ್ ಇರುವ ಹೊಸ ಇನ್‌ಸ್ಟಾಲ್ ಪೆನ್‌ಡ್ರೈವ್, ಡಿಬಿಯಲ್ಲಿ 2023ರದು ಇಲ್ಲದ ಯಂತ್ರದಲ್ಲಿ ಏಳುವುದಿಲ್ಲ. ಮೋಕ್‌ಯುಟಿಲ್‌ನ ಡಿಬಿ ಪಟ್ಟಿಯಲ್ಲಿ 'ಮೈಕ್ರೋಸಾಫ್ಟ್ ಯುಇಎಫ್‌ಐ ಸಿಎ 2023' ಮತ್ತು 'ವಿಂಡೋಸ್ ಯುಇಎಫ್‌ಐ ಸಿಎ 2023' ಹುಡುಕಿ. ಇಲ್ಲವಾದರೆ ತಯಾರಕರ ಫರ್ಮ್‌ವೇರ್ ಅಪ್‌ಡೇಟ್, ವಿಂಡೋಸ್ ಅಪ್‌ಡೇಟ್ ಅಥವಾ ಎಫ್‌ಡಬ್ಲ್ಯುಯುಪಿಡಿ.

ಸ್ವಂತ ಪಿಕೆ ಹಾಕಿದವರಿಗೆ ಇಲ್ಲೊಂದು ಸಿಕ್ಕು. ಹೊಸ ಕೆಇಕೆ ಅಪ್‌ಡೇಟ್‌ಗೆ ಸಹಿ ಇರುವುದು ತಯಾರಕರ ಪಿಕೆಯಿಂದ. ನಿಮ್ಮಲ್ಲಿ ಆ ಪಿಕೆ ಇಲ್ಲ, ಅಪ್‌ಡೇಟ್ ನಿಲ್ಲುತ್ತದೆ. 2023ರವನ್ನು ನೀವೇ ಸೇರಿಸಬೇಕು, ಸೇರಿಸಿದ ಮೇಲೆ ಪಟ್ಟಿ ತೆರೆದು ಕಣ್ಣಾರೆ ನೋಡಬೇಕು. ಆಪ್ಶನ್ ರಾಮ್‌ಗೆ 2023ರಲ್ಲಿ ಬೇರೆಯೇ ಸರ್ಟಿಫಿಕೇಟ್ ಮಾಡಿದ್ದಾರೆ. ಒಳ್ಳೆಯ ಬದಲಾವಣೆ, ಗ್ರಾಫಿಕ್ಸ್ ಕಾರ್ಡನ್ನು ನಂಬಿ, ಬೇರೆಯವರ ಬೂಟ್‌ಲೋಡರನ್ನು ನಂಬಬೇಡ ಎಂದು ಮೈಕ್ರೋಸಾಫ್ಟ್ ಸರ್ಟಿಫಿಕೇಟ್ ಮೂಲಕ ಹೇಳುವುದು ಇಲ್ಲಿಯವರೆಗೆ ಸಾಧ್ಯವಿರಲಿಲ್ಲ.

---

ತಂತಿಬೇಲಿ

ಇದಕ್ಕೆ ಸೇರಿಸಬೇಕಾದ್ದು: ಎರಡು ಓಎಸ್ ಇರುವ ಯಂತ್ರದಲ್ಲಿ 2024ರ ಆಗಸ್ಟ್‌ನ ಪ್ರಸಂಗ ಮತ್ತೆ ಆಗಬಹುದು. ಹಳೆಯ ಗ್ರಬ್ ದೋಷಗಳಿಗಾಗಿ ವಿಂಡೋಸ್ ಅಪ್‌ಡೇಟ್ ಒಂದು ಎಸ್‌ಬ್ಯಾಟ್ ನಿಯಮ (ಹಳೆಯ ಆವೃತ್ತಿಯ ಬೂಟ್‌ಲೋಡರ್‌ಗಳನ್ನು ತಡೆಯುವಂಥದ್ದು) ತಂದಿತು. ಡ್ಯುಯಲ್ ಬೂಟ್ ಯಂತ್ರಗಳಿಗೆ ಅದು ಹೋಗಬಾರದಿತ್ತು, ಹೋಯಿತು. ಹಳೆಯ ಶಿಮ್ ಇದ್ದವರಿಗೆಲ್ಲ "ಸೆಕ್ಯುರಿಟಿ ಪಾಲಿಸಿ ವಯೊಲೇಶನ್". ಹಾಗೆ ಬಂದರೆ ಗಾಬರಿ ಬೇಡ. ಬಿಟ್‌ಲಾಕರ್ ಕೀ ಕೈಯಲ್ಲಿಟ್ಟುಕೊಂಡು ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆಫ್ ಮಾಡಿ, ಉಬುಂಟುಗೆ ಹೋಗಿ, ಶಿಮ್ ಮತ್ತು ಗ್ರಬ್ ಅಪ್‌ಡೇಟ್ ಮಾಡಿ. ಮೋಕ್‌ಯುಟಿಲ್‌ನಲ್ಲಿ 'ಸೆಟ್-ಎಸ್‌ಬ್ಯಾಟ್-ಪಾಲಿಸಿ ಡಿಲೀಟ್' ಕೊಟ್ಟು ರೀಬೂಟ್, ಒಮ್ಮೆ ಉಬುಂಟುಗೇ ಹೋಗಿ ಬಂದು ಆಮೇಲೆ ಸೆಕ್ಯೂರ್ ಬೂಟ್ ಆನ್ ಮಾಡಿ.

---

ಗೋಣಿಚೀಲ

ಒಣಹುಲ್ಲು ಅವರ "ಯಾರಿಂದ ರಕ್ಷಣೆ" ಪ್ರಶ್ನೆಗೆ ಇನ್ನೊಂದು ಮಗ್ಗುಲಿದೆ. ಯಂತ್ರ ನನ್ನ ಪರವಾಗಿ ಪರೀಕ್ಷಿಸುವುದು ಬೇರೆ, ನನ್ನ ಬಗ್ಗೆ ಮೂರನೆಯವರಿಗೆ ಸಾಕ್ಷಿ ಹೇಳುವುದು ಬೇರೆ. ಮೊದಲನೆಯದರಲ್ಲಿ ಕೀ ಬದಲಿಸುವ ಹಕ್ಕು ನನ್ನಲ್ಲಿದ್ದರೆ ತಕರಾರಿಲ್ಲ. ಎರಡನೆಯದು ಅಟೆಸ್ಟೇಶನ್. ಬೂಟ್‌ಲೋಡರ್ ಅನ್‌ಲಾಕ್ ಮಾಡಿದ ಫೋನಿನಲ್ಲಿ ಕೆಲವು ಬ್ಯಾಂಕ್ ಆಪ್‌ಗಳು ತೆರೆಯುವುದಿಲ್ಲವಲ್ಲ, ಅದು. ಪಿಸಿಯಲ್ಲಿ ಸದ್ಯಕ್ಕೆ ಆಟಗಳಲ್ಲಿ ಮೋಸ ತಡೆಯುವ ಆಂಟಿಚೀಟ್ ಅದರ ಮೊದಲ ಮೆಟ್ಟಿಲು: ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಆಟಕ್ಕೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎರಡೂ ಬೇಕು. ಮುಂದೆ ಯಾವುದಾದರೂ ಸೇವೆ ಪಿಸಿಆರ್ 7ನ್ನೇ ಕೇಳಲು ಶುರುಮಾಡಿದರೆ ಸ್ವಂತ ಪಿಕೆ ಇರುವ ಯಂತ್ರ ಮೊದಲು ಹೊರಗುಳಿಯುತ್ತದೆ.

ವಿನ್ಯಾಸದಲ್ಲಿ ಇದನ್ನು ಚೆನ್ನಾಗಿ ಯೋಚಿಸಿದವರೂ ಇದ್ದಾರೆ. ಆಪಲ್‌ನ ಎಂ1 ಮತ್ತು ನಂತರದ ಮ್ಯಾಕ್‌ಗಳಲ್ಲಿ ಭದ್ರತೆಯ ಮಟ್ಟ ಇಡೀ ಯಂತ್ರಕ್ಕಲ್ಲ, ಒಂದೊಂದು ಓಎಸ್‌ಗೆ ಬೇರೆ. ಮ್ಯಾಕ್‌ಓಎಸ್ ಪೂರ್ಣ ಭದ್ರತೆಯಲ್ಲೇ ಇರುತ್ತದೆ, ಪಕ್ಕದಲ್ಲಿ ಅಸಾಹಿ ಲಿನಕ್ಸ್ (ಈ ಮ್ಯಾಕ್‌ಗಳಿಗಾಗಿ ಮಾಡಿದ ಲಿನಕ್ಸ್) ಪರ್ಮಿಸಿವ್ ಎಂಬ ಸಡಿಲ ಮಟ್ಟದಲ್ಲಿ. ತಗ್ಗಿಸಬೇಕಾದರೆ ಪವರ್ ಬಟನ್ ಒತ್ತಿ ಹಿಡಿದು ರಿಕವರಿಗೆ ಹೋಗಿ ಮಾಲೀಕರ ಪಾಸ್‌ವರ್ಡ್ ಕೊಡಬೇಕು. ದೂರದಲ್ಲಿರುವ ಮಾಲ್‌ವೇರ್‌ಗೆ ಬಟನ್ ಒತ್ತಲಾಗದು. ಕ್ರೋಮ್‌ಬುಕ್ ಡೆವಲಪರ್ ಮೋಡ್‌ಗೆ ಹೋಗುವಾಗ ಒಳಗಿನ ಡೇಟಾ ಅಳಿಸುತ್ತದೆ, ಕದ್ದವನಿಗೆ ಅದು ದಾರಿಯಾಗಬಾರದೆಂದು. ಪಿಸಿಯ ಕಥೆ ಉಲ್ಟಾ: ವಿಂಡೋಸ್ 8 ಕಾಲದಲ್ಲಿ ಎಕ್ಸ್86 ಯಂತ್ರಗಳಿಗೆ ಸೆಕ್ಯೂರ್ ಬೂಟ್ ಆಫ್ ಮಾಡುವ ಆಯ್ಕೆ ಕಡ್ಡಾಯವಿತ್ತು, ವಿಂಡೋಸ್ 10ರಲ್ಲಿ ಅದನ್ನು ತಯಾರಕರ ಇಚ್ಛೆಗೆ ಬಿಟ್ಟರು. ಸೆಕ್ಯೂರ್ಡ್-ಕೋರ್ ಎಂದು ಮಾರುವ ಲ್ಯಾಪ್‌ಟಾಪ್‌ಗಳಲ್ಲಿ ಥರ್ಡ್ ಪಾರ್ಟಿ ಸರ್ಟಿಫಿಕೇಟ್ ಆಫ್ ಆಗಿಯೇ ಬರುತ್ತದೆ. ಲಿನಕ್ಸ್ ಪೆನ್‌ಡ್ರೈವ್ ಏಳದಿದ್ದರೆ ಸೆಕ್ಯೂರ್ ಬೂಟ್ ಆಫ್ ಮಾಡುವ ಮೊದಲು ಆ ಒಂದು ಸ್ವಿಚ್ ಹುಡುಕಿ.

ಎಸ್‌ಪಿ ರಸ್ತೆಯಲ್ಲೋ ಆನ್‌ಲೈನ್‌ನಲ್ಲೋ ಕಂಪನಿಯಿಂದ ಬಂದ ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರು ಹಣ ಕೊಡುವ ಮೊದಲು ನೋಡಬೇಕಾದ್ದು: ಫರ್ಮ್‌ವೇರ್ ಮೆನು ಪಾಸ್‌ವರ್ಡ್ ಕೇಳದೆ ತೆರೆಯಬೇಕು, ಮತ್ತು ಸೆಕ್ಯೂರ್ ಬೂಟ್ ಕೀ ಅಳಿಸುವ ಆಯ್ಕೆ ಬೂದು ಬಣ್ಣದಲ್ಲಿ ಸತ್ತಿರಬಾರದು. ಆಮೇಲೆ ವಿಂಡೋಸ್ ರೀಸೆಟ್ ಮಾಡಿಸಿ, ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿ ಸೆಟಪ್ ಶುರುಮಾಡಿ. ಯಾವುದೋ ಕಂಪನಿಯ ಹೆಸರಿನ ಲಾಗಿನ್ ಪುಟ ಬಂದರೆ ಅದು ಇನ್ನೂ ಆಟೋಪೈಲಟ್‌ನಲ್ಲಿ (ಕಂಪನಿಗಳ ಯಂತ್ರಗಳನ್ನು ನೋಂದಾಯಿಸುವ ಮೈಕ್ರೋಸಾಫ್ಟ್ ಸೇವೆ) ಆ ಕಂಪನಿಗೆ ನೋಂದಣಿಯಾಗಿದೆ. ಡಿಸ್ಕ್ ಬದಲಿಸಿದರೂ ಅದು ಹೋಗುವುದಿಲ್ಲ, ಆ ಕಂಪನಿಯವರೇ ತೆಗೆಯಬೇಕು. ಇಂಟರ್ನೆಟ್ ಇಲ್ಲದೆ ಸೆಟಪ್ ಮುಗಿಸಿ ತೋರಿಸುವ ಅಂಗಡಿಯವರಿಗೆ "ಹಾಟ್‌ಸ್ಪಾಟ್ ಕೊಡ್ತೀನಿ, ಇನ್ನೊಮ್ಮೆ ಮಾಡಿ" ಅನ್ನಿ.

---

ಹೊಂಗೆನೆರಳು

ಎಫ್12ರಿಂದ ವಿಂಡೋಸ್ ರಿಕವರಿ ಕೀ ಕೇಳದೆ ತೆರೆಯಿತು. ಡಿಬಿಯಲ್ಲಿ ವಿಂಡೋಸ್‌ನ 2023 ಇದೆ, ಥರ್ಡ್ ಪಾರ್ಟಿ 2023 ಇಲ್ಲ. ಫರ್ಮ್‌ವೇರ್ ಅಪ್‌ಡೇಟ್ ಹಾಕುವಾಗಲೂ ಬಿಟ್‌ಲಾಕರ್ ಸಸ್ಪೆಂಡ್ ಮಾಡಬೇಕಾ?

---

ಮೂಲೆಮನೆ

ಮಾಡಿ. ವಿಂಡೋಸ್ ಮೂಲಕ ಬರುವ ಫರ್ಮ್‌ವೇರ್ ಅಪ್‌ಡೇಟ್ ತಾನೇ ಸಸ್ಪೆಂಡ್ ಮಾಡುವುದುಂಟು. ಪೆನ್‌ಡ್ರೈವ್‌ನಿಂದ ಹಾಕಿದರೆ ಆ ಕೆಲಸ ನಿಮ್ಮದೇ. ಚಾರ್ಜರ್ ಸಿಕ್ಕಿಸಿ, ಅಪ್‌ಡೇಟ್ ಆದ ಮೇಲೆ ಡಿಬಿ ಪಟ್ಟಿ ಮತ್ತು ಸೆಕ್ಯೂರ್ ಬೂಟ್ ಸ್ಥಿತಿ ಎರಡನ್ನೂ ನೋಡಿ, ಆಮೇಲೆ 'ರೆಸ್ಯೂಮ್-ಬಿಟ್‌ಲಾಕರ್'. ಸೊನ್ನೆ ಕೊಟ್ಟು ಸಸ್ಪೆಂಡ್ ಮಾಡಿದ್ದು ಮರೆತರೆ ಡಿಸ್ಕಿನ ಕೀ ತೆರೆದೇ ಬಿದ್ದಿರುತ್ತದೆ.